ಫೋನಿನೊಳಗಿಂದ ಇಟ್ಟ ಹೆಸರು

ನಾನು ಕಾಲು ಮುರಿದುಕೊಂಡದ್ದು ನಮ್ಮದೇ ಮನೆಯ ಅಂಗಳದಲ್ಲಿ. ತಾಂಡೂರಿನಲ್ಲಿ ಕಲ್ಲಿಗೆ ಬರವಿಲ್ಲ. ನಮ್ಮ ಮನೆಯವರದ್ದಂತೂ ಅದೇ ವ್ಯಾಪಾರ. ಗಣಿಯಿಂದ ಬಂದ ಚಪ್ಪಡಿಗಳನ್ನು ಕೊಯ್ದು, ಪಾಲಿಶ್ ಮಾಡಿ, ಲಾರಿಗೆ ತುಂಬಿಸಿ ಕಳಿಸುತ್ತಾರೆ. ತಮ್ಮ ಕೆಲಸದ ಹೆಮ್ಮೆಗೆ ಅಂಗಳಕ್ಕೂ ಮುಖ ಕಾಣುವಷ್ಟು ನುಣ್ಣನೆಯ ಕಲ್ಲನ್ನೇ ಹಾಸಿಸಿದ್ದರು. ಅಂಗಳಕ್ಕೆ ಒರಟು ಕಲ್ಲು ಇರಲಿ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಒಂದು ಮುಂಜಾನೆ ನೀರು ಹೊಡೆದು, ರಂಗೋಲಿ ಡಬ್ಬಿ ಹಿಡಿದು ಕಾಲಿಟ್ಟೆ, ಬಿದ್ದೆ. ತೊಡೆಯ ತನಕ ಪ್ಲಾಸ್ಟರ್ ಹಾಕಿದರು. ಹಾಸಿಗೆ ಬಿಟ್ಟು ಏಳಬಾರದು ಅಂದರು ಡಾಕ್ಟರು.

ಬಿದ್ದ ನೋವಿಗಿಂತ ದಿನ ನೋಡಿ ಬಿದ್ದೆನಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು. ಜಹೀರಾಬಾದಿನಲ್ಲಿರುವ ನನ್ನ ತಮ್ಮನಿಗೆ, ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಹೆಣ್ಣು ಕೂಸು ಹುಟ್ಟಿತ್ತು. ಅವನ ಹೆಂಡತಿಯ ತವರು ನಾರಾಯಣಖೇಡ. ಬಾಣಂತನ ಅಲ್ಲೇ, ತೊಟ್ಟಿಲ ಕಾರ್ಯವೂ ಅಲ್ಲೇ. ತಾಂಡೂರಿನಿಂದ ಜಹೀರಾಬಾದು ದಾಟಿ ನಾರಾಯಣಖೇಡಕ್ಕೆ ಹೋಗುವ ರಸ್ತೆ ಗಟ್ಟಿ ಕಾಲಿದ್ದವರ ಸೊಂಟವನ್ನೇ ಸಡಿಲ ಮಾಡುತ್ತದೆ. ಪ್ಲಾಸ್ಟರ್ ಹಾಕಿಕೊಂಡವಳು ಹೋಗುವ ಮಾತೇ ಇರಲಿಲ್ಲ.

ಹೋಗಲೇಬೇಕಾದವಳೂ ನಾನೇ ಆಗಿದ್ದೆ. ನಮ್ಮ ಕಡೆ ಹೆಸರಿಡುವುದು ಸೋದರತ್ತೆಯ ಹಕ್ಕು. ಮೊದಲು ಬಟ್ಟೆ ಸುತ್ತಿದ ಗುಂಡುಕಲ್ಲನ್ನು ತೊಟ್ಟಿಲ ಮೇಲೆ ಕೆಳಗೆ ದಾಟಿಸುತ್ತಾರೆ. ಆಮೇಲೆ ಕೂಸಿಗೆ ತಲೆ, ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ, ಸೋದರತ್ತೆ ಅದರ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಅಂದು ಹೆಸರು ಊದುತ್ತಾಳೆ. ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಲಿಕ್ಕೆ ಶುರು ಮಾಡುತ್ತಾರೆ. ಹೆಸರನ್ನು ಗಟ್ಟಿಯಾಗಿ ಹೇಳುವ ತನಕ ಬಿಡುವುದಿಲ್ಲ. ಮೆಲ್ಲಗೆ ತಟ್ಟುವವರೂ ಇರುತ್ತಾರೆ, ಹಳೆಯ ಸೇಡು ತೀರಿಸಿಕೊಳ್ಳುವವರೂ ಇರುತ್ತಾರೆ. ನಮ್ಮ ಮನೆತನದಲ್ಲಿ ಇನ್ನೊಂದು ಕಟ್ಟು ಉಂಟು. ಆರಿಸಿದ ಹೆಸರನ್ನು ಸೋದರತ್ತೆ ಮುಂಚಿತವಾಗಿ ಯಾರಿಗೂ ಬಿಟ್ಟುಕೊಡಬಾರದು, ಹೆತ್ತ ತಂದೆತಾಯಿಗೂ. ಮೊದಲು ಕೇಳುವ ಹಕ್ಕು ಕೂಸಿನದು.

ನಾನು ಆರಿಸಿದ್ದು ಅವ್ವನ ಹೆಸರು.

ಅವ್ವ ಹೋದಾಗ ನಾನು ಶಾಲೆಗೆ ಹೋಗುತ್ತಿದ್ದೆ, ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಎಂಥದೋ ಜ್ವರ ಬಂತು, ಹೋದಳು. ಅವಳ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಉಳಿದದ್ದು ಹೆಸರು ಮಾತ್ರ, ಅದನ್ನೂ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದವರಿಲ್ಲ. ಅಪ್ಪ ಹೆಂಡತಿಯ ಹೆಸರು ಹೇಳುವವನಲ್ಲ. ಬೇಕಾದಾಗ ‘ಏ, ಕೇಳ್ತೇನು’ ಅನ್ನುತ್ತಿದ್ದ. ನಮಗೆ ಅವಳು ಅವ್ವ. ತಾಯಿಯ ತಾಯಿ ಬಂದಾಗ ಮಾತ್ರ ಹೊಸ್ತಿಲಲ್ಲೇ ನಿಂತು ಮಗಳನ್ನು ಹೆಸರು ಹಿಡಿದು ಕೂಗುತ್ತಿದ್ದಳು. ಆ ಕೂಗು ನನ್ನ ನೆನಪಿನಲ್ಲಿತ್ತು. ತಮ್ಮ ಆ ಹೆಸರನ್ನು ಕಾಗದಪತ್ರಗಳಲ್ಲಿ ಕಂಡದ್ದಷ್ಟೇ. ಅವ್ವ ಹೋದಮೇಲೆ ಆ ಹೆಸರಿನಿಂದ ಯಾರೂ ಯಾರನ್ನೂ ಕರೆದಿರಲಿಲ್ಲ. ತಮ್ಮನಿಗೆ ಹೆಣ್ಣು ಹುಟ್ಟಲಿ ಎಂದು ನಾನು ಹರಕೆ ಹೊತ್ತದ್ದು ಇದಕ್ಕೇ. ಹೆಸರನ್ನು ಇಲ್ಲಿ ನಾನೂ ಬರೆಯುವುದಿಲ್ಲ. ಹೆತ್ತವಳ ಹೆಸರು ಬರೆಯಲಿಕ್ಕೆ ಕೈ ಬರುವುದಿಲ್ಲ.

ನಾರಾಯಣಖೇಡದ ಬೀಗರ ಮನಸ್ಸಿನಲ್ಲಿ ಬೇರೆ ಇತ್ತೆಂದು ನನಗೆ ಸುದ್ದಿ ಬಂದಿತ್ತು. ಎರಡಕ್ಷರದ್ದು, ಯಾವ ಭಾಷೆಯದೆಂದು ತಿಳಿಯದಂಥ ಹೊಸ ನಮೂನೆಯ ಹೆಸರು. ಸುದ್ದಿ ತಂದವಳು ನನ್ನ ಕಾಕಾನ ಮಗಳು. ಅವಳೂ ತಾಂಡೂರಿನವಳೇ, ಅವಳೂ ಆ ಕೂಸಿಗೆ ಸೋದರತ್ತೆಯೇ ಆಗಬೇಕು. ‘ಅಕ್ಕಾ, ನಿನಗ ಆಗಂಗಿಲ್ಲಂದ್ರ ನಾ ಅದೀನಲ್ಲ. ಚಿಂತಿ ಮಾಡಬ್ಯಾಡ’ ಅಂದಿದ್ದಳು. ಅವಳು ಹಾಗೆ ಅಂದಮೇಲೆಯೇ ನನಗೆ ಚಿಂತೆ ಶುರುವಾದದ್ದು.

ಉಪಾಯ ಹುಡುಕಿದವನು ತಮ್ಮ. ‘ವಿಡಿಯೊದಾಗ ಮಾಡು. ಫೋನ್ ತೊಟ್ಲಾಗ ಇಡ್ತೀವಿ, ನೀ ಅಲ್ಲಿಂದೇ ಊದು’ ಅಂದ. ಪುಕ್ಕಟೆಯಾಗಿ ಮುಖ ತೋರಿಸಿ ಮಾತಾಡಿಸುವ ಆ ಆ್ಯಪಿಗೆ ನಮ್ಮ ಮನೆಯಲ್ಲಿ ವಿಡಿಯೊ ಅಂತಲೇ ಹೆಸರು. ದಿನಾ ರಾತ್ರಿ ಊಟವಾದಮೇಲೆ ನಾವು ಅದರಲ್ಲೇ ಮಾತಾಡುತ್ತಿದ್ದೆವು. ಕೂಸಿನ ಮುಖವನ್ನೂ ನಾನು ಅದರಲ್ಲೇ ಕಂಡಿದ್ದೆ. ಹಿಂದಿನ ದಿನ ಒಮ್ಮೆ ತಾಲೀಮು ಕೂಡ ಆಯಿತು. ಅವನು ತೊಟ್ಟಿಲು ತೋರಿಸಿದ, ನಾನು ಇಲ್ಲಿಂದ ‘ಕುರ್ರ್’ ಅಂದೆ, ಅಲ್ಲಿದ್ದವರೆಲ್ಲ ನಕ್ಕರು.

ಕಾರ್ಯದ ದಿನ ಬೆಳಿಗ್ಗೆ ಜೀಪು ಹೊರಟಿತು. ಕಾಕಾನ ಮಗಳು, ಓಣಿಯ ನಾಲ್ಕೈದು ಹೆಂಗಸರು, ನಾನು ಹೊಲಿಸಿದ ಕುಂಚಿಗೆ, ಗುಗ್ಗರಿಗೆ ಕಡಲೆ. ನಮ್ಮ ಮನೆಯವರಿಗೆ ಗಣಿಯಲ್ಲಿ ತಪ್ಪಿಸಲಾಗದ ಕೆಲಸ. ಆ ಗಣಿಯ ತಗ್ಗಿನಲ್ಲಿ ಯಾವ ಫೋನೂ ಹತ್ತುವುದಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ಅತ್ತೆಗೆ ವಯಸ್ಸು ಎಂಬತ್ತರ ಆಚೆ, ಕಣ್ಣು ಮಂಜು, ನಾಲಿಗೆ ಮಾತ್ರ ಹೊಸದು. ನಾನು ಹಾಸಿಗೆಯ ಮೇಲೆಯೇ ಇಳಕಲ್ ಸೀರೆ ಸುತ್ತಿ, ಹೂವು ಮುಡಿದು, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಕೂತಿದ್ದೆ.

‘ಕಾಲ ಮುರದ್ರೂ ಸಿಂಗಾರೇನ್ ಮುರದಿಲ್ಲ ನೋಡ’ ಅಂದರು ಅತ್ತೆ.

‘ಬೀಗರು ನೋಡ್ತಾರಲ್ರಿ’ ಅಂದೆ.

ಹೊತ್ತು ಏರಿತು. ಮಟಮಟ ಮಧ್ಯಾಹ್ನದ ಒಳಗೆ ಕೂಸನ್ನು ತೊಟ್ಟಿಲಿಗೆ ಹಾಕಬೇಕೆಂದು ಮುಹೂರ್ತ ನೋಡಿದ ಅಯ್ಯನವರು ಹೇಳಿದ್ದರು. ತಮ್ಮನ ಹೆಸರು ಒತ್ತಿದೆ. ಒಂದು ಗೆರೆ ಗುಂಡಗೆ ಸುತ್ತತೊಡಗಿತು. ಸುತ್ತಿತು, ಸುತ್ತಿತು, ನಿಂತಿತು. ಮತ್ತೆ ಒತ್ತಿದೆ. ಮತ್ತೆ ಸುತ್ತಿತು.

ಇಂಥ ಹೊತ್ತಿನಲ್ಲಿ ನಾವು ಮೊದಲು ಸಂಶಯ ಪಡುವುದು ನಮ್ಮ ಮೇಲೆಯೇ. ನಾನೇ ಏನೋ ತಪ್ಪು ಒತ್ತಿದೆ ಅಂದುಕೊಂಡೆ. ಫೋನ್ ಆರಿಸಿ ಹಚ್ಚಿದೆ. ಅತ್ತೆಗೆ ಹೇಳಿ ಗೋಡೆಯ ಮೇಲಿನ ವೈಫೈ ಡಬ್ಬಿಯ ವೈರು ಕೀಳಿಸಿ ಮತ್ತೆ ಚುಚ್ಚಿಸಿದೆ. ಡಬ್ಬಿಯ ಹಸಿರು ದೀಪಗಳೆಲ್ಲ ಮಿಣಮಿಣ ಅಂದವು, ಗೆರೆ ಮಾತ್ರ ಸುತ್ತುತ್ತಲೇ ಇತ್ತು. ಫೋನನ್ನು ಕಿಟಕಿಯ ಕಡೆ ಹಿಡಿದೆ, ತಲೆಯ ಮೇಲೆ ಎತ್ತಿ ಹಿಡಿದೆ. ಪ್ಲಾಸ್ಟರಿನ ಒಳಗೆ ಕಾಲು ತುರಿಸಲಿಕ್ಕೆ ಹತ್ತಿತು. ಅದಕ್ಕೂ ಅದೇ ಹೊತ್ತು ಸಿಗಬೇಕೆ.

‘ಬೆರಳೊತ್ತಿ ಒತ್ತಿ ಕೆಡಸೀದಿ ಬಿಡು’ ಅಂದರು ಅತ್ತೆ.

‘ನಾ ಏನ್ ಮಾಡೀನ್ರಿ? ಹತ್ತವಲ್ದು.’

ಅವರು ಟಿವಿ ಹಚ್ಚಿದರು, ನನ್ನ ಗೊಣಗಾಟ ಕೇಳಲಾರದೆ. ತೆಲುಗು ವಾರ್ತೆ ಬರುತ್ತಿತ್ತು. ಕೆಳಗೆ ಓಡುವ ಪಟ್ಟಿಯಲ್ಲಿ ಅದೇ ಸುದ್ದಿ: ಆ ಆ್ಯಪು ಎಲ್ಲ ಕಡೆಯೂ ನಿಂತಿದೆ, ಯಾಕೆಂದು ಗೊತ್ತಿಲ್ಲ, ಜನ ತೊಂದರೆಯಲ್ಲಿದ್ದಾರೆ. ಓದಿ ಒಂದು ಕ್ಷಣ ಸಮಾಧಾನವಾಯಿತು, ತಪ್ಪು ನನ್ನದಲ್ಲ ಅಂತ. ಮರುಕ್ಷಣ ಮೈಯೆಲ್ಲ ಉರಿಯಿತು. ಫೋನು ಕೆಟ್ಟಿದ್ದರೆ ಅಂಗಡಿಯವನನ್ನು ಬೈಯಬಹುದಿತ್ತು. ಹಿಂದೆ ಮನೆಯಲ್ಲಿ ವೈರಿನ ಫೋನಿದ್ದಾಗ ಲೈನ್‌ಮನ್ ಯಾರೆಂದು ಗೊತ್ತಿತ್ತು, ಅವನ ಮನೆಯ ದಾರಿಯೂ ಗೊತ್ತಿತ್ತು. ಹೋಗಿ ಕೂತರೆ ಕಂಬ ಹತ್ತುತ್ತಿದ್ದ. ಈಗ ಯಾರ ಮನೆಗೆ ಹೋಗಿ ಕೂಡಬೇಕು? ಯಾವ ದೇಶದಲ್ಲಿ, ಯಾವ ಕೋಣೆಯಲ್ಲಿ ಏನು ನಿಂತಿತೋ, ಅದಕ್ಕೆ ತಾಂಡೂರಿನ ಈ ಹಾಸಿಗೆಯ ಮೇಲೆ ನಾನು ಬಾಯಿ ಬಡಿದುಕೊಳ್ಳಬೇಕು. ಸಂಜೆಗೆ ಅದು ತಾನಾಗಿಯೇ ಸರಿಹೋಯಿತು. ಕೆಟ್ಟದ್ದಕ್ಕೂ ಯಾರೂ ಉತ್ತರ ಹೇಳಲಿಲ್ಲ, ಸರಿಯಾದದ್ದಕ್ಕೂ ಹೇಳಲಿಲ್ಲ. ಪುಕ್ಕಟೆ ಸಿಗುವುದರ ಮೇಲೆ ನಮ್ಮ ಮನೆಯ ಇಷ್ಟು ದೊಡ್ಡ ಕಾರ್ಯವನ್ನು ಹೇರಿದ್ದೆವಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಫೋನನ್ನು ಅಂಗಳದ ಪಾಲಿಶ್ ಕಲ್ಲಿಗೆ ಅಪ್ಪಳಿಸಬೇಕು ಅಂತ.

ಸಾದಾ ಫೋನ್ ಮಾಡಬಾರದೆ ಅಂತ ಯಾರಾದರೂ ಕೇಳಿಯಾರು. ನನ್ನ ಸಿಮ್ಮಿನ ರೀಚಾರ್ಜ್ ಮುಗಿದು ಬಹಳ ದಿನವಾಗಿತ್ತು. ಮನೆಯಲ್ಲಿ ವೈಫೈ ಇದೆ, ಕಾಲು ಮುರಿದವಳು ಎಲ್ಲಿಗೆ ಹೋಗಬೇಕು ಎಂದು ಬಿಟ್ಟಿದ್ದೆವು. ಹೀಗಾಗಿ ನಾನು ಮಾಡಲಿಕ್ಕೂ ಆಗದು, ಅಲ್ಲಿಂದ ತಮ್ಮ ಮಾಡಿದರೂ ನನಗೆ ಮುಟ್ಟದು. ಇದ್ದದ್ದು ಅತ್ತೆಯ ಗುಂಡಿಯ ಫೋನು. ಕೊಡಂಗಲ್ಲಿನ ಮಗಳ ಜೊತೆ ಮಾತಾಡಲಿಕ್ಕೆ ಅವರು ಅದನ್ನು ಬಾಳೆಕಾಯಿಯಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾರೆ. ಅದನ್ನು ಇಸಿದುಕೊಂಡು, ನನ್ನ ಫೋನಿನಲ್ಲಿದ್ದ ತಮ್ಮನ ನಂಬರು ನೋಡಿ ನೋಡಿ ಒತ್ತಿದೆ.

ಈ ನಂಬರು ಬಳಕೆಯಲ್ಲಿಲ್ಲ ಅಂದಳು ಒಬ್ಬಳು, ತೆಲುಗಿನಲ್ಲಿ. ಆಮೇಲೆ ಹಿಂದಿಯಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ. ಮೂರೂ ನನಗೆ ತಿಳಿಯುತ್ತವೆ. ಮೂರರಲ್ಲೂ ಸಿಟ್ಟು ಬಂತು. ‘ಬಳಕಿಯಾಗಿಲ್ಲಂದ್ರ ದಿನಾ ರಾತ್ರಿ ನಾ ಯಾರ ಜೊತಿ ಮಾತಾಡ್ತಿದ್ದೆ, ಹೇಳವಾ’ ಅಂತ ಅವಳಿಗೇ ಕೇಳಿದೆ. ಆಮೇಲೆ ನೆನಪಾಯಿತು. ತಮ್ಮ ಸಿಮ್ಮು ಬದಲಿಸಿ ಬಹಳ ಕಾಲವಾಗಿತ್ತು. ವಿಡಿಯೊ ಮಾತ್ರ ಹಳೆಯ ನಂಬರಿನ ಮೇಲೆಯೇ ನಡೆದುಕೊಂಡು ಬಂದಿತ್ತು. ಹೊಸ ನಂಬರು ಹೇಳಲಿಕ್ಕೆ ಬಂದಾಗ ‘ಇರಲಿ ಬಿಡು, ವಿಡಿಯೊ ಅದ, ಸಾಕು’ ಅಂದವಳು ನಾನೇ.

ಇನ್ನು ಉಳಿದವಳು ಕಾಕಾನ ಮಗಳು. ಅವಳಿಗೆ ಹಚ್ಚಲಿಕ್ಕೆ ಮನಸ್ಸು ಒಪ್ಪಲಿಲ್ಲ. ಅವಳು ಎತ್ತಿದರೆ ಏನನ್ನಬೇಕು? ನನ್ನ ಹಕ್ಕು ನನಗೆ ಕೊಡಿಸು ಅಂತಲೆ? ಆದರೂ ಹಚ್ಚಿದೆ. ಗಂಟೆ ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಬಿಸಿಲು ಕಿಟಕಿಯಿಂದ ಸರಿದು ಗೋಡೆಯ ಬುಡಕ್ಕೆ ಬಂದಿತ್ತು. ಈ ಹೊತ್ತಿಗೆ ಅವಳು ಕೂಸಿನ ಕಿವಿಗೆ ಬಾಗಿರಬೇಕು, ಆ ಎರಡಕ್ಷರ ಊದಿರಬೇಕು, ಬೀಗರು ಅವಳ ಬೆನ್ನು ಗುದ್ದುತ್ತಿರಬೇಕು ಎಂದು ಕಣ್ಣಮುಂದೆ ಬಂತು. ಅವ್ವ ಇನ್ನೊಮ್ಮೆ ಹೋದಳು ಅನ್ನಿಸಿತು. ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಮುಡಿದ ಹೂವು ನಾಚಿಕೆ ತಂದಿತು, ಕಿತ್ತು ಹಾಕಿದೆ.

ನನ್ನ ಅಳು ಕಂಡು ಅತ್ತೆ ಟಿವಿ ಆರಿಸಿದರು. ಆಮೇಲೆ ಕೈ ಚಾಚಿ ತಮ್ಮ ಫೋನು ಕಸಿದುಕೊಂಡು ಒಂದೇ ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು.

‘ಯಾರಿಗಿ ಹಚ್ಚಾಕತ್ತೀರಿ?’

‘ಜೀಪಿನ ಭಾಯಿಗಿ.’

ಆ ಭಾಯಿ ಅವರನ್ನು ಕಣ್ಣು ತೋರಿಸಲಿಕ್ಕೆ ಜಹೀರಾಬಾದಿಗೆ ಕರೆದುಕೊಂಡು ಹೋಗಿ ಬರುವವನು. ಬೆಳಿಗ್ಗೆ ಹೆಂಗಸರನ್ನು ತುಂಬಿಕೊಂಡು ಹೋದದ್ದು ಅವನ ಜೀಪೇ. ನನ್ನ ತಲೆಗೆ ಅದು ಹೊಳೆದಿರಲಿಲ್ಲ. ಒಳಗೆ ಕಾರ್ಯ ನಡೆದಾಗ ಹೊರಗೆ ಜೀಪಿನಲ್ಲಿ ಕೂತು ಫೋನು ಕೈಯಲ್ಲಿ ಹಿಡಿದುಕೊಂಡಿರುವವನು ಅವನೊಬ್ಬನೇ ಅಲ್ಲವೆ. ಒಂದೇ ಗಂಟೆಗೆ ಎತ್ತಿದ.

‘ಬೋಲೋ ಅಮ್ಮಾ.’

‘ಭಾಯಿ, ಒಳಗ ಹೋಗು. ಕೂಸಿನ ಅಪ್ಪಗ ಫೋನ್ ಕೊಡು. ತಾಂಡೂರಿಂದ ಸೊಸಿ ಅಂತ ಹೇಳು.’

‘ಹೆಣಮಕ್ಕಳೇ ತುಂಬ್ಯಾರ ಅಮ್ಮಾ ಅಲ್ಲಿ, ನಾ ಹ್ಯಾಂಗ ಹೋಗ್ಲಿ?’

‘ನನ್ನ ಹೆಸರ ಹೇಳಿ ನುಗ್ಗು!’

‘ಅಭೀಚ್ ದೇತೂಂ, ಈಗೇ ಕೊಡ್ತೀನಿ, ಫೋನ್ ಇಡಬ್ಯಾಡ್ರಿ’ ಅಂದ. ಚಪ್ಪಲಿಯ ಸಪ್ಪಳ, ಯಾರದೋ ‘ಯಾರ್ ಬೇಕ್ರಿ?’, ಪಾತ್ರೆಯ ಸದ್ದು, ಎಲ್ಲ ಕೇಳಿಸಿತು. ಅತ್ತೆ ಫೋನನ್ನು ನನ್ನ ಕೈಗೆ ಹಾಕಿದರು. ಆಮೇಲೆ ತಮ್ಮನ ದನಿ.

‘ಅಕ್ಕಾ! ಎಲ್ಲಿದ್ದಿ? ನಿನ್ನ ನಂಬರಿಗಿ ಹಚ್ಚಿ ಹಚ್ಚಿ ಸಾಕಾತು. ನೀ ಇಲ್ಲೇ ಇಲ್ಲ ಅಂತದ ಅದು.’

ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. ‘ಹೆಸರಾತೇನು?’

‘ಹ್ಯಾಂಗ ಆಗ್ತದ? ಇಕಿ ಬಿಡಬೇಕಲ್ಲ’ ಅಂದ. ಇಕಿ ಎಂದರೆ ಅವನ ಹೆಂಡತಿ. ಅಯ್ಯನವರು ಎರಡು ಸಲ ಅವಸರ ಮಾಡಿದರಂತೆ. ಕಾಕಾನ ಮಗಳು ಸೆರಗು ಸಿಕ್ಕಿಸಿ ಮುಂದೆ ಬಂದಳಂತೆ. ತಮ್ಮನ ಹೆಂಡತಿ ಕೂಸನ್ನು ಎದೆಗವಚಿಕೊಂಡು, ತವರಿನವರು ಎಷ್ಟು ಹೇಳಿದರೂ ತೊಟ್ಟಿಲಿಗೆ ಕೊಡದೆ ಕೂತಿದ್ದಳಂತೆ. ಫೋನನ್ನು ತಮ್ಮ ಅವಳ ಕೈಗೆ ಕೊಟ್ಟ.

‘ಅಕ್ಕಾರ, ನೀವೇ ಇಡಬೇಕ್ರಿ. ಯಾವ ಹೆಸರಿಟ್ರೂ ನಡೀತದ. ಬ್ಯಾರೆಯವರು ಇಟ್ಟದ್ದು ನನಗ ಬ್ಯಾಡ’ ಅಂದಳು.

ಅವಳೂ ತನ್ನ ತವರಿನವರ ಕಡೆಯೇ ಎಂದು ನಾನು ಬೆಳಗಿನಿಂದ ಅಂದುಕೊಂಡಿದ್ದೆ. ‘ಕೂಸಿನ ಕಿವಿಗಿ ಹಚ್ಚು ಫೋನು’ ಅಂದೆ, ಅಷ್ಟೇ.

ಹಚ್ಚಿದಳು. ಗದ್ದಲ ದೂರ ಸರಿಯಿತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕೂಸಿನ ಉಸಿರು, ಸಣ್ಣಗೆ, ಮೂಗು ಕಟ್ಟಿದ ಹಾಗೆ ಸೊರಸೊರ. ಇಷ್ಟು ದಿನ ಅದರ ಮುಖ ನೋಡಿದ್ದೆ, ಕೈಕಾಲು ಆಡಿಸುವುದು ನೋಡಿದ್ದೆ, ಉಸಿರು ಕೇಳಿರಲಿಲ್ಲ. ವಿಡಿಯೊದಲ್ಲಿ ಮಾಡಿದ್ದರೆ ಏನಾಗುತ್ತಿತ್ತೆಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ತೊಟ್ಟಿಲಲ್ಲಿ ಫೋನಿಟ್ಟು, ಸ್ಪೀಕರ್ ಹಾಕಿ, ನಾನು ಇಲ್ಲಿಂದ ಕೂಗುತ್ತಿದ್ದೆ. ಬೀಗರು, ಅಯ್ಯನವರು, ಅಡುಗೆಯವರು ಎಲ್ಲರೂ ಒಟ್ಟಿಗೇ ಕೇಳುತ್ತಿದ್ದರು. ಎಲ್ಲರೂ ನನ್ನ ಸೀರೆ ನೋಡುತ್ತಿದ್ದರು. ಕೂಸಿಗೆ ಮೊದಲು ಅನ್ನುವ ನಮ್ಮ ಕಟ್ಟು ಅಲ್ಲೇ ಮುರಿದಿರುತ್ತಿತ್ತು, ಮುರಿದದ್ದು ನಮಗೆ ಗೊತ್ತೂ ಆಗುತ್ತಿರಲಿಲ್ಲ. ಈಗ ಅತ್ತೆಯ ಹಳೆಯ ಫೋನಿನಲ್ಲಿ, ನನ್ನ ಬಾಯಿಗೂ ಅದರ ಕಿವಿಗೂ ನಡುವೆ ಬೇರೆ ಯಾರೂ ಇರಲಿಲ್ಲ.

‘ಕುರ್ರ್’ ಅಂದೆ. ಅವ್ವನ ಹೆಸರು ಹೇಳಿದೆ. ಮೂರು ಸಲ, ಮೆಲ್ಲಗೆ. ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿದ್ದ ಅತ್ತೆಗೂ ಕೇಳಿಸಲಿಲ್ಲ. ಅಷ್ಟು ವರ್ಷಗಳ ಮೇಲೆ ಆ ಹೆಸರು ನನ್ನ ಬಾಯಿಂದ ಬಂದಾಗ ಅದು ನನಗೇ ಹೊಸದಾಗಿ ಕೇಳಿಸಿತು.

ಅಷ್ಟರಲ್ಲಿ ಬೆನ್ನಿಗೆ ದಬ್ ಅಂತ ಒಂದು ಬಿತ್ತು.

‘ಯವ್ವಾ! ಏನ್ರಿ ಅತ್ತಿ!’

‘ಏನಂದ್ರ? ಬೆನ್ನಿಗಿ ಗುದ್ದಲಾರದ ಹೆಸರ ಹೊರಗ ಬರ್ತದೇನು? ಅಲ್ಲಿ ನಿನ್ನ ಬೆನ್ನ ಇಲ್ಲ, ಇಲ್ಲಿ ಅದ’ ಅಂದರು ಅತ್ತೆ. ಮತ್ತೆ ಗುದ್ದಿದರು. ಎಂಬತ್ತು ದಾಟಿದ ಕೈ ಅನ್ನುವ ಹಾಗಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಇದಕ್ಕೇ ಕಾದು ಕೂತಿದ್ದರೇನೋ ಅನ್ನಿಸಿತು. ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ನಾನೂ ಅಳುತ್ತ ನಗುತ್ತ, ಕಾಲಿನ ಪ್ಲಾಸ್ಟರು ಅದುರುವ ಹಾಗೆ, ಅವ್ವನ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಓಣಿಗೆಲ್ಲ ಕೇಳಿಸಿರಬೇಕು.

ಫೋನಿನಲ್ಲಿ ಸದ್ದಿಲ್ಲ. ಲೈನು ಕಟ್ಟಾಯಿತು ಅಂದುಕೊಂಡೆ.

‘ಹಲೋ? ಕೇಳಿಸ್ತೇನು?’

‘ಕೇಳಿಸ್ತು ಅಕ್ಕಾ’ ಅಂದ ತಮ್ಮ. ಫೋನು ಮತ್ತೆ ಅವನ ಕೈಗೆ ಬಂದಿತ್ತು. ‘ಕೂಸಿಗಿ ನಾ ಏನಂತ ಕರೀಲಿ? ಆ ಹೆಸರ ಹಿಡದು ಏ ಬಾ, ಏ ಹೋಗು ಅಂತ ಅನ್ನಾಕ ನನಗ ಬಾಯಿ ಬರ್ತದೇನು?’

‘ಹೆಸರ ಹಿಡದು ಯಾಕ ಕರೀತಿ? ಹಿರೇರ ಹೆಸರಿಟ್ಟ ಹೆಣಮಕ್ಕಳಿಗಿ ನಮ್ಮಲ್ಲಿ ಏನಂತಾರ, ನಿನಗ ಗೊತ್ತಿಲ್ಲೇನು?’

ಅವನು ಫೋನು ಇಡಲಿಲ್ಲ. ಹೆಂಗಸರು ಆ ಹೆಸರನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಕೇಳಿಸಿತು. ಕೂಸನ್ನು ತೊಟ್ಟಿಲಿಗೆ ಹಾಕಿದರು, ಜೋಗುಳ ಶುರುವಾಯಿತು. ತೊಟ್ಟಿಲ ಹಗ್ಗದ ಕಿರ್ ಕಿರ್ ಸದ್ದು ಹತ್ತಿರ ಬಂತು, ಅವನು ಬಾಗಿರಬೇಕು.

‘ಯವ್ವಾ’ ಅಂದ. ನನಗೆ ಹೇಳಿದ್ದಲ್ಲ. ಸ್ವಲ್ಪ ತಡೆದು ಇನ್ನೊಮ್ಮೆ, ಒಳಗಿನ ಕೋಣೆಯಲ್ಲಿರುವವರನ್ನು ಕರೆಯುವ ಹಾಗೆ ದನಿ ಎತ್ತಿ, ‘ಯವ್ವಾ’ ಅಂದ.

ಅವ್ವ ಹೋದಾಗ ಅವನಿಗೆ ಇನ್ನೂ ಮಾತು ಬಂದಿರಲಿಲ್ಲ. ಮಾತು ಬಂದಮೇಲೆ ಆ ಮಾತಿನಿಂದ ಕರೆಯಲಿಕ್ಕೆ ಅವನಿಗೆ ಯಾರೂ ಇರಲಿಲ್ಲ. ಈಗ ಅವನ ಮೀಸೆಯಲ್ಲಿ ಬಿಳಿ ಕೂದಲು ಬಂದಿವೆ. ಅವನು ಯಾರನ್ನಾದರೂ ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.